ಎರಡಕ್ಕೆ ಕಿಟಕಿ, ನಾಲ್ಕಕ್ಕೆ ಬಾಗಿಲು

ಆ ಜಿಲ್ಲೆಯಲ್ಲಿ ರೋಗಿಯ ಮನೆಗೇ ಹೋಗಿ ಆರೈಕೆ ಮಾಡುವ ಸಂಸ್ಥೆ ಒಂದೇ ಒಂದಿತ್ತು. ಅದರಲ್ಲಿ ಭರ್ತಿಯಾದ ರಿಜಿಸ್ಟರ್ ಇರಲಿಲ್ಲ.

ರಾಜ್ಯದ ಹದಿನೆಂಟು ಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳಿಗೆ ಅಂಕ ಹಾಕುವುದು ತಪಾಸಣಾಧಿಕಾರಿಯಾದ ಅವಳ ಕೆಲಸ. ಐವತ್ತಕ್ಕಿಂತ ಕಡಿಮೆ ಬಂದರೆ ಪರವಾನಗಿ ರದ್ದು.

"ಎರಡು ತಿಂಗಳಿಂದ ಖಾಲಿ! ರೋಗಿಯನ್ನ ಮಗ್ಗುಲು ತಿರುಗಿಸಿದ ಸಮಯ ಎಲ್ಲಿ?"

ರೋಗಿಯೊಬ್ಬರ ಮನೆಯಲ್ಲಿ, ಮಂಚದ ಬಳಿ ಬಗ್ಗಿದ್ದ ನರ್ಸ್ ತಲೆ ಎತ್ತಲಿಲ್ಲ. ಹಾಸಿಗೆಯ ಸುಕ್ಕು ಸರಿಮಾಡುತ್ತಲೇ ಹೇಳಿದ, "ಒಂದು ನಿಮಿಷ ಮೇಡಂ, ನಾಲ್ಕಾಯ್ತು."

ಎಂಥ ಸೊಕ್ಕು! ಅವಳ ಕಿವಿ ಬಿಸಿಯಾಯಿತು. "ಬರೆಯದ ಕೆಲಸ ಮಾಡದ ಕೆಲಸ."

"ಒಂಬತ್ತು ಮನೆ, ನಾನೊಬ್ಬ. ಬರೀತಾ ಕೂತ್ರೆ..."

"ಎಲ್ಲರೂ ಹೇಳೋ ನೆಪ!" ನಮೂನೆಯಲ್ಲಿ ರಿಜಿಸ್ಟರಿಗೆ ಸೊನ್ನೆ ಹಾಕಿದಳು.

ಮಂಚದ ಮೇಲಿದ್ದ ಅಜ್ಜ ಹಳೇ ದರ್ಜಿ. ಆರು ವರ್ಷದಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

"ತಾಯೀ, ಬಿಲ್ ನೋಡಿ ಹೊಲಿಗೆ ಹೇಗಿದೆ ಅಂತ ಯಾರಾದ್ರೂ ಹೇಳ್ತಾರಾ? ಲೇ ನರ್ಸಣ್ಣ, ನನ್ನ ಬೆನ್ನು ತೋರಿಸೋ!"

ಅಂಗಿ ಮೇಲೆ ಸರಿಯಿತು.

ಅವಳು ಬಗ್ಗಿ ನೋಡಿದಳು... ಹೋದ ವಾರ ತೊಂಬತ್ತೆಂಟು ಅಂಕದ ಸಂಸ್ಥೆಯ ರೋಗಿಯೊಬ್ಬರ ಸೊಂಟದಲ್ಲಿ, ಒಂದೇ ಮಗ್ಗುಲಲ್ಲಿ ಮಲಗಿ ಆದ ಮುಷ್ಟಿಗಾತ್ರದ ಹುಣ್ಣು ನೋಡಿದ್ದಳು. ಅಲ್ಲಿನ ರಿಜಿಸ್ಟರ್ ಮುತ್ತು ಪೋಣಿಸಿದಂತಿತ್ತು. ಇಲ್ಲಿ ಆರು ವರ್ಷ ಮಲಗಿದ ಬೆನ್ನು; ಒಂದು ಕೆಂಪು ಗುರುತಿಲ್ಲ!

"ಹೇಗೆ?"

ಅಜ್ಜನ ಸೊಸೆ ಗೋಡೆ ಗಡಿಯಾರ ತೋರಿಸಿದಳು. ಅಂಕಿಗಳ ಪಕ್ಕ ನೀಲಿ, ಕೆಂಪು ಚುಕ್ಕೆಗಳು. "ಎರಡಕ್ಕೆ ಕಿಟಕಿ ಕಡೆ, ನಾಲ್ಕಕ್ಕೆ ಬಾಗಿಲ ಕಡೆ. ನರ್ಸಣ್ಣ ಇಲ್ಲದಾಗ ನಾವೇ ತಿರುಗಿಸ್ತೀವಿ. ಒಂಬತ್ತು ಮನೆಯವರಿಗೂ ಕಲಿಸಿದಾರೆ."

"ಬರೀಬೇಕಿತ್ತು. ತಪ್ಪು ನಂದೇ," ಎಂದ ಅವನು, ಮೊದಲ ಸಲ ಅವಳನ್ನು ನೋಡಿ.

ಅಂದೇ ಉಳಿದ ಮನೆಗಳಿಗೂ ಹೋದಳು. ಎಂಟು ಗಡಿಯಾರ, ಎಂಟು ಬೆನ್ನು... ಹುಣ್ಣು ಒಂದೂ ಇಲ್ಲ!

ನಮೂನೆಯಲ್ಲಿ ಬೆನ್ನಿಗೆ ಕಾಲಂ ಇರಲಿಲ್ಲ. ಸೊನ್ನೆಯನ್ನು ಅವಳು ಅಳಿಸಲಿಲ್ಲ. ಕಂಡದ್ದನ್ನು ಷರಾದಲ್ಲಿ ಬರೆದು ಆರು ತಿಂಗಳ ಗಡುವು ಕೊಡಿಸಿದಳು. ತಿಂಗಳಿಗೊಮ್ಮೆ ಮರುತಪಾಸಣೆಗೆ ಬಂದಳು; ಬಂದಾಗಲೆಲ್ಲ ಅವನ ಜೊತೆ ಒಂಬತ್ತೂ ಮನೆ ಸುತ್ತಿ, ಹೊರಡಲು ತಡಮಾಡುತ್ತಿದ್ದಳು. ತಿರುಗಿಸಿದ ಮನೆಯವರೇ ಸಮಯ ಬರೆದಿಟ್ಟರು; ರಿಜಿಸ್ಟರ್ ತುಂಬಿತು, ಪರವಾನಗಿ ಉಳಿಯಿತು.

ಏಳನೇ ತಿಂಗಳು ಅಜ್ಜನ ಮನೆಗೆ ಬರಿಗೈಯಲ್ಲಿ ಬಂದಳು.

"ನಮೂನೆ ಎಲ್ಲಿ ಮೇಡಂ?" ಎಂದ ನರ್ಸ್.

"ಈ ಜಿಲ್ಲೆ ಬೇರೆಯವರಿಗೆ ಬಿಟ್ಟುಕೊಟ್ಟೆ."

ಅವನ ಮುಖ ಬಾಡಿತು. "ನಮ್ಮಿಂದ ತಪ್ಪಾಯ್ತಾ?"

"ನಾನು ಮದುವೆಯಾಗ್ಬೇಕು ಅಂದ್ಕೊಂಡವರಿಗೆ ನಾನೇ ಅಂಕ ಹಾಕೋ ಹಾಗಿಲ್ಲ..."

ಕಿಟಕಿ ಕಡೆ ಮುಖ ಮಾಡಿದ್ದ ಅಜ್ಜ ಸಿಡುಕಿದ. "ಬಾಯಿ ಬಿಡೋ ಲೇ! ನಾಲ್ಕಾಯ್ತು, ನನ್ನನ್ನಾದ್ರೂ ತಿರುಗಿಸು. ನಿಮ್ಮ ಮುಖ ನೋಡ್ಬೇಕು!"

ಇಬ್ಬರೂ ಸೇರಿ ಅಜ್ಜನನ್ನು ಬಾಗಿಲ ಕಡೆ ತಿರುಗಿಸಿದರು. ಹಾಸಿಗೆಯ ಸುಕ್ಕು ತೆಗೆಯುವಾಗ ಕೈಗೆ ಕೈ ತಗುಲಿತು.

"ಒಪ್ಪಿಗೆ," ಎಂದ ಅವನು. "ಬರೆದು ಕೊಡ್ಲಾ?"

"ಬೇಡ. ನೋಡಿ ನಂಬೋದು ಕಲ್ತಿದೀನಿ."

ಹದಿನೆಂಟರಲ್ಲಿ ಅವಳು ಕಳೆದುಕೊಂಡದ್ದು ಒಂದು ಜಿಲ್ಲೆ.