ಕೆಂಪು ಪಟ್ಟಿಯ ಡ್ರಮ್

ಅವನು ಬರಿಗೈಯನ್ನು ದ್ರಾವಕದ ತೊಟ್ಟಿಗೆ ಇಳಿಸುವುದಕ್ಕೂ ಅವಳು ಘಟಕದೊಳಗೆ ಕಾಲಿಡುವುದಕ್ಕೂ ಸರಿಹೋಯಿತು.

ಮರುಕ್ಷಣ ಅವನ ಕೈ ನಲ್ಲಿಯ ಕೆಳಗಿತ್ತು. ಮಣಿಕಟ್ಟು ಅವಳ ಹಿಡಿತದಲ್ಲಿತ್ತು.

"ರೀ, ತಲೆ ನೆಟ್ಟಗಿದೆಯಾ? ಕೈ ಬೇಕೋ ಬೇಡ್ವೋ ನಿಮಗೆ?"

"ಬೇಕು. ಆದ್ರೆ ನೀವು ಹೀಗೆ ಹಿಡ್ಕೊಂಡ್ರೆ ಉಳಿಯೋದು ಕಷ್ಟ," ಎಂದ ಅವನು. "ತಣ್ಣಗಿದೆ ಮೇಡಂ. ಮಂದ ಎಷ್ಟಿದೆ ಅಂತ ನೋಡ್ತಿದ್ದೆ, ಅಷ್ಟೇ."

ಹೊಸ ಇಂಜಿನಿಯರ್ ಬರುತ್ತಾನೆಂದು ಯಜಮಾನರು ಹೇಳಿದ್ದರು. ಇಂಥ ಹುಂಬ ಎಂದು ಹೇಳಿರಲಿಲ್ಲ. ಅವಳು ಕೈ ಬಿಟ್ಟಳು.

ಅವಳ ಅಪ್ಪನೂ ಇದೇ ಕೆಲಸದಲ್ಲಿದ್ದವರು. ಹೊಲದಲ್ಲಿ ಉಳಿದ ಜೋಳದ ದಂಟಿನಿಂದ ಕಂದು ಪುಡಿ ತೆಗೆಯುವುದು, ಹಲಗೆ ಅಂಟಿಸುವ ಗೋಂದಿಗೆ ಅದನ್ನು ಮಾರುವುದು. ಆಗ ದಂಟು ಬೇಯಿಸಲು ಬಳಸುತ್ತಿದ್ದದ್ದು ಘಾಟು ದ್ರಾವಕ. ಕೆಂಪು ಪಟ್ಟಿಯ ಡ್ರಮ್ಮುಗಳಲ್ಲಿ ಬರುತ್ತಿತ್ತು. ಒಂದು ಮಧ್ಯಾಹ್ನ ಅದರ ಆವಿ ಅಪ್ಪನನ್ನು ಕೆಡವಿತು. ಎತ್ತಲು ನುಗ್ಗಿದ ಚಿಕ್ಕಪ್ಪನೂ ಅಲ್ಲೇ ಬಿದ್ದರು. ಇಬ್ಬರೂ ಉಳಿಯಲಿಲ್ಲ. ಬಾಗಿಲ ಗಾಜಿನಿಂದ ಅವಳಿಗೆ ಕೊನೆಯದಾಗಿ ಕಂಡದ್ದು ಅಪ್ಪನ ಪಾದಗಳು.

ಅದಕ್ಕೇ ಅವಳು ಸುರಕ್ಷತೆ ನೋಡಿಕೊಳ್ಳಲು ಈ ಹೊಸ ಬಗೆಯ ಘಟಕ ಸೇರಿದ್ದು. ಇಲ್ಲಿಯದು ಹಸಿರು ದ್ರಾವಕ. ಹಸಿರು ಎಂದರೆ ಬಣ್ಣವಲ್ಲ, ನಿರಪಾಯ ಎಂದರ್ಥ; ನೋಡಲು ಸಕ್ಕರೆ ಪಾಕ. ಎರಡು ಬಿಳಿ ಪುಡಿಗಳನ್ನು ಸೇರಿಸಿ ಬೆಚ್ಚಗೆ ಮಾಡಿದರೆ ಒಂದರಲ್ಲೊಂದು ಕರಗಿ ಪಾಕವಾಗುತ್ತವೆ. ಘಾಟಿಲ್ಲ, ವಿಷದ ಆವಿಯಿಲ್ಲ. ಆದರೂ ಹೊಸಬರು ಯಾರೇ ಬರಲಿ, ಅವಳ ಮೊದಲ ಪಾಠ ಒಂದೇ: "ಒಳಗೆ ಯಾರೇ ಬಿದ್ದಿರಲಿ, ನುಗ್ಗಬೇಡಿ. ಗಂಟೆ ಒತ್ತಿ, ಹೊರಗೆ ಓಡಿ."

ಎಲ್ಲವನ್ನೂ ಮೂಸಿ ನೋಡುವ ಅವಳಿಗೆ ಕೆಲಸಗಾರರು 'ಮೂಗಿನ ಮೇಡಂ' ಎಂದು ಹೆಸರಿಟ್ಟಿದ್ದರು. ಹುಂಬ ಇಂಜಿನಿಯರ್ ಮಾತ್ರ ನಗಲಿಲ್ಲ. "ನಿಮ್ಮ ಮೂಗಿದ್ರೆ ನಮಗೆ ಧೈರ್ಯ," ಎಂದಿದ್ದ. ಅಂದಿನಿಂದ ಅವಳು ಪಾಠ ಹೇಳುವಾಗ ಅವನ ಕಡೆ ನೋಡುವುದನ್ನೇ ಬಿಟ್ಟಳು. ನೋಡಿದರೆ ಮಾತು ತಪ್ಪುತ್ತಿತ್ತು, ಪಾಪ.

'ಬೇಡ... ಈ ಕೆಲಸದವರನ್ನು ಹಚ್ಚಿಕೊಳ್ಳುವುದು ಬೇಡವೇ ಬೇಡ.'

ಹಾಗಿರುವಾಗಲೇ ಯಜಮಾನರು ದಂಟಿನಿಂದ ಬರುವ ಕಂದು ಪುಡಿ ಸಾಲದು ಎಂದು ಗೊಣಗಿದರು. "ನನಗೆ ಬಿಡಿ ಸಾರ್, ನಾಳೆ ಜಾಸ್ತಿ ಬರುತ್ತೆ," ಎಂದು ಅವನು ಹೇಳಿದ್ದು ಅವಳ ಕಿವಿಗೆ ಬಿತ್ತು. ಮರುದಿನ ಅವನು ಒಂದು ಡ್ರಮ್ಮನ್ನು ಉರುಳಿಸಿಕೊಂಡು ಒಳಕೋಣೆಗೆ ಹೋದ.

ಕೆಂಪು ಪಟ್ಟಿ!

ಪುಡಿ ಹೆಚ್ಚಿಸಲು ಆ ಹಳೆಯ ವಿಷವನ್ನೇ ತಂದನೇ? ಮೂಸಿದಳು. ಏನೂ ತಿಳಿಯಲಿಲ್ಲ. ಎಂದೂ ಕೈಕೊಡದ ಮೂಗು ಅಂದು ನೆಗಡಿಯಿಂದ ಕಟ್ಟಿಹೋಗಿತ್ತು.

ಒಳಕೋಣೆಯ ಬಾಗಿಲ ಗಾಜಿಗೆ ಮುಖ ಒತ್ತಿದಳು. ಬೇಯಿಸುವ ಪಾತ್ರೆಯ ಕೆಳಗಿನಿಂದ ಎರಡು ಪಾದಗಳು ಚಾಚಿಕೊಂಡಿದ್ದವು.

ಬಾಗಿಲು ಬಡಿದಳು. ಪಾದಗಳು ಅಲುಗಲಿಲ್ಲ.

ಗಂಟೆ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವಳು ಅದನ್ನು ಒತ್ತಲಿಲ್ಲ. ಉಸಿರು ಬಿಗಿಹಿಡಿದು ಬಾಗಿಲು ತಳ್ಳಿದಳು, ಆ ಪಾದಗಳನ್ನು ಹಿಡಿದು ಇದ್ದಬದ್ದ ಶಕ್ತಿಯಿಂದ ಎಳೆದಳು.

"ಅಯ್ಯೋ, ಯಾರ್ರೀ ಅದು?"

ಕೈಯಲ್ಲಿ ಪಾನಾ, ಮುಖವೆಲ್ಲ ಗ್ರೀಸು... ಪಂಪಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಿರಲಿಲ್ಲ. ಸೋರುತ್ತಿದ್ದ ವಾಲ್ವ್ ಬಿಗಿಯುತ್ತಿದ್ದ.

ಅವಳು ನೆಲದ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. "ಆ ಡ್ರಮ್ಮು... ಅದರಲ್ಲಿ..."

"ನಮ್ಮ ಪಾಕಾನೇ ಇದೆ. ಒಮ್ಮೆ ಬಳಸಿದ್ದನ್ನ ಕಾಯಿಸಿ ನೀರು ಆರಿಸಿದೆ. ಪುಡಿ ಬೇರೆ ಮಾಡೋಕೆ ಹಾಕಿದ ನೀರು ಅದರಲ್ಲೇ ಉಳಿದಿದ್ದಕ್ಕೇ ಪುಡಿ ಕಮ್ಮಿ ಬರ್ತಿತ್ತು. ತುಂಬಿಡೋಕೆ ಬೇರೆ ಡ್ರಮ್ ಇರಲಿಲ್ಲ, ಗುಜರಿಯಿಂದ ತಂದು ತೊಳೆದೆ." ಅವನ ದನಿ ತಗ್ಗಿತು. "ಪಟ್ಟಿ ಕೀಳದೇ ತುಂಬಿದ್ದು ನನ್ನದೇ ತಪ್ಪು. ನಿಮ್ಮಪ್ಪನ ವಿಷಯ ಯಜಮಾನರು ಹೇಳಿ ಗೊತ್ತಿದ್ದೂ..."

ಅವನು ಪಂಪು ನಿಲ್ಲಿಸಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತ.

"ಒಂದು ಮಾತು ಕೇಳ್ಲಾ? ನುಗ್ಗಬೇಡಿ, ಓಡಿ ಅಂತ ನಮಗೆಲ್ಲ ಹೇಳೋರು ನೀವು. ನೀವ್ಯಾಕೆ ನುಗ್ಗಿದ್ರಿ?"

"ನೀವು ಒಳಗಿದ್ರಲ್ಲ..."

ಬಾಯಿಂದ ಜಾರಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಚಿಕ್ಕಪ್ಪ ಯಾಕೆ ನುಗ್ಗಿದರೆಂದು ಇಷ್ಟು ವರ್ಷ ಮನಸ್ಸಿನಲ್ಲೇ ಬೈಯುತ್ತಿದ್ದಳು. ಇಂದು ಅದು ಅರ್ಥವಾಗಿತ್ತು.

ಅವನು ಎದ್ದು ಬ್ಲೇಡು ತಂದ. ಇಬ್ಬರೂ ಸೇರಿ ಕೆಂಪು ಪಟ್ಟಿಯನ್ನು ಕೆರೆಯತೊಡಗಿದರು.

"ಇನ್ಮೇಲೆ ಹೀಗೆ ನುಗ್ಗಲ್ಲ ಅಂತ ಮಾತು ಕೊಡಿ," ಎಂದ.

"ಕೊಡಲ್ಲ. ನೀವೇ ಕೊಡಿ, ಕ್ಷೇಮವಾಗಿ ಹೊರಗೆ ಬರ್ತೀನಿ ಅಂತ."

"ಇವತ್ತಾ?"

"ದಿನಾ," ಎಂದಳು, ತಲೆ ಎತ್ತದೆ. "ಗೇಟಿನ ಹತ್ತಿರ ಕಾಯ್ತಿರ್ತೀನಿ."