ಒಂದೇ ಗ್ಲಾಸಿನ ಟರ್ಕಿ ವೈನ್

ಮೂರು ಗುಟುಕು ವೈನಿಗೆ ಇಪ್ಪತ್ತೆರಡು ಡಾಲರ್! ಡೌನರ್ಸ್ ಗ್ರೋವ್‌ನ ಆ ವೈನ್ ಅಂಗಡಿಯಲ್ಲಿ ಬೆಲೆಚೀಟಿ ಓದಿದ ಸಾಕೇತನಿಗೆ ಕಣ್ಣು ಕತ್ತಲೆ ಬಂತು. ಟರ್ಕಿಯ ಯಾವುದೋ ಹೊಸ ವೈನರಿಯಂತೆ, ಎರಡು ಬಗೆಯ ಬಿಳಿ ದ್ರಾಕ್ಷಿ ಬೆರೆಸಿದ್ದಂತೆ. ಜೊತೆಗೆ ಬಂಗಾರವನ್ನೂ ತೇಯ್ದು ಹಾಕಿದ್ದರೋ ಏನೋ, ದೇವರೇ ಬಲ್ಲ.

ಆದರೆ ಡಾಕ್ಟರಾಗಿದ್ದ ಗೆಳತಿ ಶರಣ್ಯಾ ಆನ್ ಆರ್ಬರ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದಳು. ಏನೋ ಹೇಳುವುದಿದೆ ಎಂದಿದ್ದಳು. ಹೇಳುವುದು ಅವನಿಗೂ ಇತ್ತು: ನನ್ನನ್ನು ಮದುವೆಯಾಗು ಅಂತ. ಎರಡು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇದ್ದ ಮಾತು. ಇವತ್ತು ಹೇಳದಿದ್ದರೆ ತಾನು ಮನುಷ್ಯನೇ ಅಲ್ಲ ಎಂದುಕೊಂಡೇ ಪಕ್ಕದೂರು ಲೊಂಬಾರ್ಡಿನ ತನ್ನ ಮನೆಯಿಂದ ಹೊರಟಿದ್ದ.

"ಒಂದೇ ಗ್ಲಾಸ್ ತಗೊಳ್ಳೋಣ," ಎಂದ.

"ಅಯ್ಯ, ಡಾಕ್ಟರಿಗೆ ಟ್ರೀಟ್ ಕೊಡಾಕ ಇಷ್ಟು ಜುಗ್ಗತನ?" ಧಾರವಾಡದ ಹುಡುಗಿ ಕಣ್ಣು ಕಿರಿದಾಗಿಸಿ ನಕ್ಕಳು. ಎಡಗೆನ್ನೆಯಲ್ಲಿ ಗುಳಿ ಬಿತ್ತು. ಸಾಕೇತ ನೋಡಿದ, ಸಿಕ್ಕಿಬಿದ್ದ, ಮತ್ತೆ ಚೀಟಿ ಓದುವವನಂತೆ ನಟಿಸಿದ.

ಅವಳೇ ಮೊದಲು ಕುಡಿದಳು. "ಗಜನಿಂಬೆ ಸಿಪ್ಪಿ ಕಡದಂಗ ಐತಿ. ಹಿಂದ ಒಂಚೂರು ಉಪ್ಪು. ಚಲೋ ಐತಿ ಖರೆ, ಇಷ್ಟು ರೊಕ್ಕದ್ದಲ್ಲ." ಗ್ಲಾಸ್ ಕೆಳಗಿಟ್ಟಳು. "ನಿನಗ ಬ್ಯಾರೆ ಗ್ಲಾಸ್ ಹೇಳ್ಲೇನು? ಇದು ಎಂಜಲ."

ಸಾಕೇತ ಗ್ಲಾಸ್ ಎತ್ತಿಕೊಂಡ. ಅವಳ ಲಿಪ್‌ಸ್ಟಿಕ್ ಅಂಟಿದ ಅಂಚಿಗೇ ತುಟಿಯಿಟ್ಟು ಕುಡಿದ.

ಶರಣ್ಯಾಳ ನಗು ನಿಂತುಹೋಯಿತು. "ಹೋದ ಸಂಕ್ರಾಂತಿಗೆ, ಕನ್ನಡ ಕೂಟದಾಗ, ನಾ ಕಚ್ಚಿದ ಶೇಂಗಾ ಹೋಳಗಿ ನಿನ್ನ ಬಾಯಿಗೆ ಹಿಡದಿದ್ದೆ. ಎಲ್ಲಾರ ಮುಂದ. ಎಂಜಲು ಬೇಡ ಅಂದು ಮುಖ ತಿರುವಿದಿ."

"ಅಯ್ಯೋ, ಅದು ಅಭ್ಯಾಸ ಕಣೇ! ನಮ್ಮನೇಲಿ ಅಪ್ಪನ ತಟ್ಟೆಗೆ ಅಮ್ಮನೂ ಕೈ ಹಾಕಲ್ಲ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

"ನಮ್ಮನ್ಯಾಗ ಅವ್ವ ಅಪ್ಪ ಒಂದ ಗಂಗಾಳದಾಗ ಉಣ್ತಾರ." ಅವಳು ಗ್ಲಾಸನ್ನು ಪಕ್ಕಕ್ಕೆ ಸರಿಸಿದಳು. "ನಿನಗ ನಾ ಬ್ಯಾಡ ಅಂತ ತಿಳ್ಕೊಂಡೆ, ಸಾಕೇತ್. ಆಮ್ಯಾಲೆ ಸ್ವರೂಪ ಅಂತ ಒಬ್ಬ ಹುಡುಗನ ಮನಿಯವರು ಹೆಣ್ಣು ಕೇಳಿದ್ರು. ಹೂಂ ಅಂದೆ. ಫೆಬ್ರವರಿಗೆ ಹುಬ್ಬಳ್ಳ್ಯಾಗ ಮದುವಿ. ಅದನ್ನ ಹೇಳಾಕ ಬಂದೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಎರಡು ವರ್ಷ ಹೊರಡದ ಮಾತು ಆಗ ಹೊರಟಿತು. "ನಿನ್ನ ಪ್ರೀತಿಸ್ತೀನಿ ಶರಣ್ಯಾ. ಇವತ್ತು ಅದನ್ನೇ ಹೇಳೋಕೆ ಬಂದೆ."

ಅವಳು ಟಿಶ್ಯೂ ಹುಡುಕಿದಳು. ಸಿಗಲಿಲ್ಲ. ಅಂಗಡಿಯ ನ್ಯಾಪ್ಕಿನ್ನಿನಲ್ಲೇ ಕಣ್ಣೊತ್ತಿಕೊಂಡಳು. ಗ್ಲಾಸಿನಲ್ಲಿ ಉಳಿದದ್ದನ್ನು ಇಬ್ಬರೂ ಕುಡಿಯಲಿಲ್ಲ.

"ಅವನು ಒಳ್ಳೆಯವನಾ?" ಕೇಳಿದ.

"ಭಾಳ ಒಳ್ಳೆಯಂವ. ಅದಕ್ಕ ತ್ರಾಸ."

ಕಾರಿನವರೆಗೆ ಅವಳ ಕೋಟನ್ನು ಅವನೇ ಹಿಡಿದುಕೊಂಡು ಹೋದ. ಚಳಿಗೆ ಇಬ್ಬರ ಮೂಗೂ ಕೆಂಪಾಗಿತ್ತು. ಬಾಗಿಲು ತೆಗೆದವಳು ತಿರುಗಿ, ಅವನ ಕೆನ್ನೆಯ ಮೇಲೆ ಅಂಗೈಯಿಟ್ಟಳು.

"ಮದುವಿಗೆ ಬರಬ್ಯಾಡ. ನಿನ್ನ ಕಂಡ್ರ ನಾ ಮಂಟಪದಿಂದ ಎದ್ದು ಬಂದ್ಬಿಡ್ತೀನಿ. ಪಾಪ, ಆ ಮನಷ್ಯಾ ಏನ್ ತಪ್ಪು ಮಾಡ್ಯಾನ?"

ಹೋದರೆ ಅವಳು ಸಿಗುತ್ತಾಳೆಂದು ಸಾಕೇತನಿಗೆ ಗೊತ್ತಿತ್ತು. ಜನವರಿಯಲ್ಲಿ ಎರಡು ಸಲ ಹುಬ್ಬಳ್ಳಿಗೆ ಟಿಕೆಟ್ ಹುಡುಕಿದ. ಫೆಬ್ರವರಿ ಬಂತು. ಅವನು ಹೋಗಲಿಲ್ಲ.