ಕ್ಯಾಪ್ಟನ್ ಸೂಟಿನ ಎಡ ಭುಜ

"ರೈಲು ಬಿಡಬೇಡ ಕಣೇ!" ರಿಮೋಟ್ ಶಾಲೆಯ ಮೆಟ್ಟಿಲ ಮೇಲಿಂದಲೇ ಕೂಗಿದ.

"ರೈಲಲ್ಲ, ನಿಜ. ಆ ಸೂಟೆಲ್ಲ ಹೊಲಿದಿದ್ದು ನಮ್ಮಮ್ಮ."

"ಧೂಳುಗ್ರಹದ್ದಾ?"

"ಹೂಂ. ಹನ್ನೊಂದು ಸೂಟು. ಎಲ್ಲಾ ನಮ್ಮನೇಲೇ."

ಕೇಳಿಸಿಕೊಂಡವರೆಲ್ಲ ಹೋ ಎಂದು ನಕ್ಕರು. ಹೇಳಿದವಳ ಕಿವಿ ಕೆಂಪಗಾಯಿತು.

ಅವಳನ್ನು ತರಗತಿಯಲ್ಲಿ ಎಲ್ಲರೂ ಗುಂಡುಸೂಜಿ ಅನ್ನುತ್ತಿದ್ದರು. ಅಮ್ಮ ಟೈಲರ್ ಆದ್ದರಿಂದ ಮನೆಯಲ್ಲಿ ಎಲ್ಲಿ ಕೂತರೂ ಗುಂಡುಸೂಜಿ. ದಿನಕ್ಕೆ ಒಂದಾದರೂ ಅವಳ ಕಾಲರಿಗೆ ಸಿಕ್ಕಿಕೊಂಡು ಶಾಲೆಗೆ ಬರುತ್ತಿತ್ತು. ರಿಮೋಟ್‌ಗೆ ಆ ಹೆಸರು ಬಂದ ಕಾರಣ ಬೇರೆ. ಯಾವ ಆಟವಿದ್ದರೂ ಶುರು ಮಾಡುವವನು ಅವನೇ, ನಿಲ್ಲಿಸುವವನೂ ಅವನೇ.

'ಧೂಳುಗ್ರಹ' ಹೊಸ ಸೀರೀಸ್. ಹೋದ ಶುಕ್ರವಾರ ಒಂದು ಆಪ್‌ನಲ್ಲಿ ಬಿಡುಗಡೆಯಾಗಿತ್ತು. ಸೋಮವಾರದ ಹೊತ್ತಿಗೆ ಐದನೇ ತರಗತಿಗೆ ಐದನೇ ತರಗತಿಯೇ ಆ ಗ್ರಹದ ಮೇಲೆ ಹೋಗಿ ಇಳಿದಿತ್ತು. ನೀರಿನ ಬಾಟಲಿಗಳು ಬೆನ್ನಿಗೇರಿ ಆಕ್ಸಿಜನ್ ಸಿಲಿಂಡರ್ ಆಗಿದ್ದವು. ಊಟದ ಡಬ್ಬಿ ವೈರ್‌ಲೆಸ್ ಆಗಿತ್ತು. ಗುಂಡುಸೂಜಿಗೆ ಮಾತ್ರ ಈ ಆಟದಲ್ಲಿ ಯಾರು ಸತ್ತರು, ಯಾರು ಉಳಿದರು ಒಂದೂ ಗೊತ್ತಾಗುತ್ತಿರಲಿಲ್ಲ.

"ಅಷ್ಟೆಲ್ಲ ಹೊಲಿದೋರು ಇನ್ನೂ ಯಾಕೆ ನೋಡಿಲ್ಲ?" ಎಂದ ರಿಮೋಟ್.

"ಟಿವೀಲಿ ಬಂದಾಗ ನೋಡ್ತೀವಿ."

"ಟಿವೀಲಿ ಬರೋದೇ ಇಲ್ಲ! ಆ ಆಪ್‌ನಲ್ಲಿ ಮಾತ್ರ. ದುಡ್ಡು ಕಟ್ಟಿದೋರಿಗೆ ಮಾತ್ರ. ಎಕ್ಸ್‌ಕ್ಲೂಸಿವ್!" ಆ ಪದವನ್ನು ಅವನು ಬಾಯಲ್ಲಿ ಪೆಪ್ಪರ್‌ಮಿಂಟಿನ ಹಾಗೆ ಹೊರಳಿಸಿದ. "ನೋಡು, ಕೊನೇಲಿ ಎಲ್ಲರ ಹೆಸರೂ ಬರುತ್ತೆ. ಟೀ ಕೊಟ್ಟೋರ ಹೆಸರು ಕೂಡ ಬಿಡಲ್ಲ. ಸಂಜೆ ನಮ್ಮನೆಗೆ ಬಾ. ನಿಮ್ಮಮ್ಮನ ಹೆಸರಿದ್ರೆ ಒಂದು ವಾರ ನಿನ್ನ ಬ್ಯಾಗ್ ನಾನು ಹೊರ್ತೀನಿ. ಇಲ್ದಿದ್ರೆ ನನ್ನ ಬ್ಯಾಗ್ ನೀನು."

"ಇದ್ದೇ ಇರುತ್ತೆ. ಹಾಕ್ತೀವಿ ಅಂತ ಅವರೇ ಹೇಳಿದ್ದಾರೆ."

"ಆಯ್ತು, ಭುಜ ಗಟ್ಟಿ ಮಾಡ್ಕೊಂಡು ಬಾ!"

*

ಅವರ ಮನೆಯಲ್ಲಿ ಇರುವುದು ಅಮ್ಮ, ಮಗಳು ಇಬ್ಬರೇ. ಮುಂದಿನ ಕೋಣೆ ತುಂಬ ಬಟ್ಟೆ. ಯಾರದೋ ಪರದೆ, ಯಾರದೋ ಉದ್ದ ಜಾಸ್ತಿಯಾದ ಪ್ಯಾಂಟು, ಪಕ್ಕದ ಶಾಲೆಯ ಯೂನಿಫಾರ್ಮು. ಕಿಟಕಿಯ ಹತ್ತಿರ ಹೊಲಿಗೆ ಯಂತ್ರ. ಅದರ ಪಕ್ಕದಲ್ಲಿ ಎರಡು ಸ್ಟೂಲುಗಳ ಮೇಲೆ ಮಗುಚಿ ಹಾಕಿದ ಒಂದು ತಗಡಿನ ಬೋರ್ಡು. ಅದರ ಮೇಲೆ ಕಂಬಳಿ ಹಾಸಿ ಅಮ್ಮ ಇಸ್ತ್ರಿ ಮಾಡುತ್ತಿದ್ದಳು.

ಅದು ಇಸ್ತ್ರಿಗೆಂದು ಮಾಡಿಸಿದ ಬೋರ್ಡಲ್ಲ. ಅದರ ಕೆಳಮುಖದಲ್ಲಿ ಹಳದಿ ಬಣ್ಣದಲ್ಲಿ ಅಮ್ಮನ ಹೆಸರಿತ್ತು. ಹೆಸರಿನ ಕೆಳಗೆ 'ಸಿನಿಮಾ ಮತ್ತು ಸೀರಿಯಲ್ ಉಡುಪು' ಎಂದಿತ್ತು. ಸೂಟಿನ ಕೆಲಸ ಬಂದಾಗ ಖುಷಿಯಲ್ಲಿ ಬರೆಸಿದ್ದು. ಬಾಗಿಲ ಮೇಲೆ ಯಾಕೆ ಹಾಕಿಲ್ಲ ಎಂದು ಕೇಳಿದರೆ ಅಮ್ಮ, "ಸರಿಯಾದ ಮೊಳೆ ಸಿಕ್ಕಿಲ್ಲ," ಅನ್ನುತ್ತಿದ್ದಳು.

ಸೂಟು ಹೊಲಿದ ಆ ಎರಡು ತಿಂಗಳು ಈ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೂದು ಬಣ್ಣದ ದಪ್ಪ ಬಟ್ಟೆ, ಮೀನಿನ ಹಾಗೆ ಕೈಯಿಂದ ಜಾರುವಂಥದ್ದು. ದಿನಕ್ಕೆ ಮೂರು ಸೂಜಿ ಮುರಿಯುತ್ತಿದ್ದವು. ಸೀರೀಸಿನ ಉಡುಪೆಲ್ಲ ನೋಡಿಕೊಳ್ಳುತ್ತಿದ್ದ ಕಾಸ್ಟ್ಯೂಮ್ ಅಂಕಲ್ ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು ಇಟ್ಟುಕೊಂಡು ಬಂದು, ಪ್ರತಿ ಹೊಲಿಗೆಯ ಮೇಲೂ ಬೆರಳಾಡಿಸಿ, "ಮೇಡಂ, ನಿಮ್ಮ ಕೈಗೆ ನಮಸ್ಕಾರ," ಅಂದಿದ್ದರು. "ಎರಡನೇ ಭಾಗಕ್ಕೆ ಮೂವತ್ತು ಸೂಟು ಬೇಕು. ಅದೂ ನಿಮ್ಮದೇ. ಹೆಸರೂ ಹಾಕಿಸ್ತೀನಿ."

ಸೂಟುಗಳು ಹೋದವು. ಹತ್ತು ದಿನಕ್ಕೆ, ಮೊಣಕಾಲಿಗೆ ಜಿಪ್ಪಿನ ಜೇಬು ಬೇಕೆಂದು ವಾಪಸ್ ಬಂದವು. ಗುಂಡುಸೂಜಿ ಅವತ್ತು ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಹನ್ನೊಂದು ಸೂಟೂ ಹಾಳಾಗಿದ್ದವು. ಯಾರೋ ಉಕ್ಕಿನ ಬ್ರಷ್ಷಿನಿಂದ ಉಜ್ಜಿದ್ದರು, ಮಸಿ ಬಳಿದಿದ್ದರು, ತುಕ್ಕಿನ ನೀರು ಸುರಿದಿದ್ದರು.

"ಹಳೇದಾಗಿ ಕಾಣಬೇಕಂತೆ," ಎಂದು ಅಮ್ಮ ಹೇಳಿದಳು. ಒಂದು ತೋಳನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದಳು, ಪೆಟ್ಟು ತಿಂದು ಬಂದ ಮಗುವನ್ನು ಸವರುವ ಹಾಗೆ. ಆಮೇಲೆ ಜೇಬುಗಳನ್ನು ಹೊಲಿದಳು. ಎರಡು ಜಿಪ್ಪು ಕಡಿಮೆ ಬಿದ್ದವೆಂದು ಅಂಗಡಿಗೆ ಹೋದಳು.

ಆಗಲೇ ಗುಂಡುಸೂಜಿಗೆ ಕ್ಯಾಪ್ಟನ್ ಸೂಟಿನ ಎಡ ಭುಜ ಕಂಡದ್ದು. ಅಲ್ಲಿ ಒಂದು ಗೇಣು ಹರಿದಿತ್ತು.

ಮಸಿ ಸರಿ, ಬೇಕೆಂದೇ ಬಳಿದಿದ್ದಾರೆ. ಆದರೆ ಹರಿದದ್ದು? ಉಜ್ಜುವಾಗ ಹರಿದಿರಬೇಕು. ನಾಳೆ ಎಲ್ಲರೂ, ಟೈಲರ್ ಸರಿಯಾಗಿ ಹೊಲಿದಿಲ್ಲ ಎಂದು ಅಮ್ಮನನ್ನೇ ಅನ್ನುತ್ತಾರೆ. ಅವಳು ಸೂಜಿ ತೆಗೆದುಕೊಂಡಳು. ಅಮ್ಮ ಕಲಿಸಿದ ಹಾಗೆ ಒಳಗಿನಿಂದ, ಎಳೆಗೆ ಎಳೆ ಸೇರಿಸಿ ಹೊಲಿದಳು. "ಹರಿದದ್ದೂ ಗೊತ್ತಾಗಬಾರದು, ಹೊಲಿದದ್ದೂ ಗೊತ್ತಾಗಬಾರದು," ಎಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಕೊನೆಯ ಎರಡು ಬೆರಳಿನಷ್ಟು ಇರುವಾಗ ಬೂದು ದಾರ ಮುಗಿಯಿತು. ಸ್ವಲ್ಪ ತಿಳಿಯಾದ ಇನ್ನೊಂದು ದಾರ ಹಾಕಿ ಮುಗಿಸಿ, ಮೇಲೆ ಒಂದಿಷ್ಟು ಮಸಿ ಒರೆಸಿದಳು. ಬೆರಳಾಡಿಸಿದರೂ ಸಿಗಬಾರದು, ಹಾಗೆ ಕೂತಿತು.

ಅಮ್ಮ ಬರುವಷ್ಟರಲ್ಲಿ ವ್ಯಾನೂ ಬಂತು. ಗಡಿಬಿಡಿಯಲ್ಲಿ ಜಿಪ್ಪು ಹಚ್ಚಿ, ಮಡಿಸಿ, ಚೀಲಕ್ಕೆ ತುಂಬಿದರು. ಗುಂಡುಸೂಜಿ ಬಾಯಿ ಬಿಡಲಿಲ್ಲ. ಟಿವಿಯಲ್ಲಿ ಬಂದ ದಿನ ತೋರಿಸಿ, "ಆ ಭುಜ ನಂದು!" ಅನ್ನಬೇಕೆಂದುಕೊಂಡಿದ್ದಳು.

ಎರಡು ದಿನಕ್ಕೆ ಒಂದು ಫೋನು ಬಂತು. ಅಮ್ಮ ತುಂಬ ಹೊತ್ತು ಸುಮ್ಮನೆ ಕೇಳಿದಳು. ಹೋಮ್‌ವರ್ಕ್ ಬರೆಯುತ್ತಿದ್ದ ಮಗಳನ್ನೇ ನೋಡುತ್ತಾ, "ಹೌದು ಸರ್... ನಾನೇ ಸರ್. ಕೈ ಸುಮ್ನಿರ್ಲಿಲ್ಲ. ತಪ್ಪಾಯ್ತು," ಅಂದಳು.

"ಏನಮ್ಮಾ?"

"ಏನಿಲ್ಲ. ಕೆಲಸದ ಮಾತು. ನೀನು ಬರಿ."

*

"ಇವತ್ತು ಅವರ ಮನೆಗೆ ಹೋಗಲೇಬೇಕಾ?" ಎಂದು ಅಮ್ಮ ಇಸ್ತ್ರಿ ನಿಲ್ಲಿಸಿ ಕೇಳಿದಳು.

"ನಿನ್ನ ಹೆಸರು ನೋಡ್ಬೇಕಮ್ಮಾ. ಎಲ್ಲರೂ ನಾನು ಸುಳ್ಳಿ ಅಂತಿದ್ದಾರೆ."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಬಟ್ಟೆಯಿಂದ ಹೊಗೆ ಬಂದಂತಾಗಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟಳು. "ಬೇಗ ಬಾ, ಪುಟ್ಟಿ," ಎಂದಷ್ಟೇ ಅಂದಳು.

ರಿಮೋಟ್ ಮನೆಯ ಟಿವಿ ಬಾಗಿಲಿನಷ್ಟು ದೊಡ್ಡದು. ಸೋಫಾದ ಒಂದು ಮೂಲೆಯಲ್ಲಿ ಅವನ ಅಜ್ಜಿ ಆಗಲೇ ಕೂತಿದ್ದರು.

"ನಾಲ್ಕನೇ ಸಲ ನೋಡ್ತಿದ್ದೀನಿ ಕಣಮ್ಮ," ಅಂದರು. "ಇಷ್ಟು ಧೂಳು! ಆ ಊರಲ್ಲಿ ಕಸ ಗುಡಿಸೋರು ಒಬ್ರೂ ಇಲ್ವಲ್ಲ!"

"ಅಜ್ಜೀ, ಅದು ಊರಲ್ಲ. ಗ್ರಹ!"

"ಗ್ರಹ ಆದ್ರೇನು, ಪೊರಕೆ ಸಿಗಲ್ವಾ?"

ಗುಂಡುಸೂಜಿಗೂ ನಗು ಬಂತು. ಟಿವಿಯಲ್ಲಿ ಸೂಟುಗಳು ಬಂದಾಗ ಅವಳು ಸೋಫಾದ ಅಂಚಿಗೆ ಸರಿದಳು. ಹನ್ನೊಂದೂ ಅಮ್ಮನವೇ! ಅದೋ ಮೊಣಕಾಲಿನ ಜೇಬು, ಅದೋ ಕುತ್ತಿಗೆಯ ದಪ್ಪ ಪಟ್ಟಿ. ಕೆಂಪು ಧೂಳಿನಲ್ಲಿ ಅವು ನಿಜಕ್ಕೂ ಏಳು ವರ್ಷ ಅಲ್ಲೇ ಬದುಕಿದವರ ಬಟ್ಟೆಯಂತಿದ್ದವು.

ಬಿರುಗಾಳಿ ಎದ್ದಿತು. ಕ್ಯಾಪ್ಟನ್ ಎದ್ದು ಬಿದ್ದು ಓಡಿದಳು. ಬಂಡೆಗೆ ಒರಗಿ ನಿಂತಳು. ಆಗ ಸೂಟಿನ ಎಡ ಭುಜ ಇಡೀ ಟಿವಿ ತುಂಬ ಬಂತು.

ಅದು ಹರಿದಿತ್ತು. ಬಟ್ಟೆ ಪಟಪಟ ಹಾರುತ್ತಿತ್ತು. ಸುಯ್ ಎಂದು ಗಾಳಿ ಸೋರುವ ಸದ್ದು.

"ನಿಲ್ಸು! ನಿಲ್ಸು!" ಎಂದಳು ಗುಂಡುಸೂಜಿ.

ರಿಮೋಟ್ ನಿಲ್ಲಿಸಿದ. ಅವಳು ಎದ್ದು ಟಿವಿಯ ಹತ್ತಿರ ಹೋದಳು. ಹರಿದ ಬಾಯಿಯ ಎರಡೂ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ದಾರದ ತುಂಡುಗಳು. ಮೇಲಿನಿಂದ ಬೂದು ಬಣ್ಣದವು. ಕೊನೆಯ ಎರಡು ಬೆರಳಿನಷ್ಟು ಜಾಗದಲ್ಲಿ ಸ್ವಲ್ಪ ತಿಳಿ ಬಣ್ಣದವು. ನಡುವೆ ಯಾರೋ ಬ್ಲೇಡ್ ಎಳೆದಿದ್ದರು.

"ಇದು ಹರಿದೇ ಇರ್ಬೇಕಿತ್ತಾ?" ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಮತ್ತೆ? ಇದೇ ಮೇನ್ ಸೀನ್! ಹರಿದಿರೋದಕ್ಕೇ ಗಾಳಿ ಹೋಗೋದು, ಅದಕ್ಕೇ ಅವಳು ಗುಹೆ ಒಳಗೆ ಹೋಗೋದು. ಹರೀದೇ ಇದ್ರೆ ಕತೇನೇ ಇಲ್ಲ."

ಅವಳು ವಾಪಸ್ ಬಂದು ಕೂತಳು. ಗುಹೆ ಬಂತು, ಬೆಳಕು ಬಂತು, ಯಾರೋ ಕೂಗಿದರು. ಅವಳ ಕಣ್ಣ ಮುಂದೆ ಫೋನು ಹಿಡಿದು ನಿಂತ ಅಮ್ಮನಷ್ಟೇ ಇದ್ದಳು. ಕೈ ಸುಮ್ನಿರ್ಲಿಲ್ಲ. ತಪ್ಪಾಯ್ತು.

ಕೊನೆಗೆ ಹೆಸರುಗಳು ಬಂದವು. ಬಂದವೋ ಇಲ್ಲವೋ, ಎಲ್ಲವೂ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಮೂಲೆಗೆ ಸರಿದವು. 'ಮುಂದಿನ ಕಂತು ಐದು ಸೆಕೆಂಡಿನಲ್ಲಿ' ಎಂದು ಟಿವಿ ಎಣಿಸತೊಡಗಿತು. ನಾಲ್ಕು, ಮೂರು...

"ಇರು ಇರು!" ರಿಮೋಟ್ ಹೇಗೋ ಹಿಂದೆ ಒಯ್ದು ದೊಡ್ಡದು ಮಾಡಿದ. ಒಂದೊಂದೇ ಸಾಲು ನಿಲ್ಲಿಸಿದ. ಉಡುಪು ಎಂಬಲ್ಲಿ ಕಾಸ್ಟ್ಯೂಮ್ ಅಂಕಲ್ ಹೆಸರಿತ್ತು. ಬಟ್ಟೆಗೆ ಮಸಿ ಬಳಿದವರ ಹೆಸರಿತ್ತು. ಟೀ ಕೊಟ್ಟವರ ಹೆಸರೂ ಇತ್ತು.

ಅಮ್ಮನ ಹೆಸರು ಇರಲಿಲ್ಲ.

"ಇನ್ನೊಂದ್ಸಲ ನೋಡೋಣ," ಎಂದು ರಿಮೋಟ್ ಮತ್ತೆ ಹಾಕಿದ. ಮೂರನೇ ಸಲವೂ ಹಾಕಿದ. ಅಜ್ಜಿ ಕನ್ನಡಕ ಒರೆಸಿಕೊಂಡು ತಾವೂ ಹುಡುಕಿದರು. ಆಮೇಲೆ ಅವನು ಅವಳ ಮುಖ ನೋಡಿದ. ಗೆದ್ದವನ ಹಾಗೆ ಕುಣಿಯಲಿಲ್ಲ.

"ಬ್ಯಾಗ್ ಏನೂ ಬೇಡ ಬಿಡು," ಅಂದ ಮೆಲ್ಲಗೆ. "ಎರಡನೇ ಭಾಗದಲ್ಲಿ ಹಾಕ್ತಾರೇನೋ."

ಅವನು ಕುಣಿದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

*

ಮನೆಗೆ ಬಂದಾಗ ಬಾಗಿಲು ಅರ್ಧ ತೆರೆದಿತ್ತು. ಅಮ್ಮ ಇನ್ನೂ ದೀಪ ಹಾಕಿರಲಿಲ್ಲ. ಕಿಟಕಿಯಲ್ಲಿ ಉಳಿದಿದ್ದ ಒಂದಿಷ್ಟು ಸಂಜೆಯ ಬೆಳಕಿನಲ್ಲಿ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು. ದಾರಿಯುದ್ದಕ್ಕೂ ಗುಂಡುಸೂಜಿ ಒಂದು ಸುಳ್ಳು ಕಟ್ಟಿಕೊಂಡು ಬಂದಿದ್ದಳು. ಹೆಸರಿತ್ತು, ದೊಡ್ಡ ಅಕ್ಷರದಲ್ಲಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಅಮ್ಮ ಹೆಸರಿನ ಮಾತೇ ಎತ್ತಲಿಲ್ಲ.

"ಭುಜ ತೋರಿಸಿದ್ರಾ?" ಎಂದು ತಲೆಯೆತ್ತದೆ ಕೇಳಿದಳು.

ಗುಂಡುಸೂಜಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ತೋರಿಸಿದ್ರು."

"ಅರ್ಧ ದಿನ ಶೂಟಿಂಗ್ ನಿಂತಿತ್ತಂತೆ. ಎಲ್ಲಿ ಹರಿದಿತ್ತು ಅಂತ ಹುಡುಕೋದಕ್ಕೇ ಒಂದು ಗಂಟೆ ಹಿಡೀತಂತೆ." ಅಮ್ಮ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. "ಅಷ್ಟು ಚೆನ್ನಾಗಿ ಹೊಲಿದಿದ್ದೆ ನೀನು."

"ಅಮ್ಮಾ... ಆ ಮೂವತ್ತು ಸೂಟು?"

"ಬೇರೆಯೋರು ಹೊಲೀತಿದ್ದಾರೆ."

"ಕೆಲಸ ಮತ್ತೆ ಕೊಡಲ್ವಾ?"

"ಇಲ್ಲ, ಪುಟ್ಟಿ."

"ನಾನು ಮಾಡಿದ್ದು ಅಂತ ಯಾಕೆ ಹೇಳ್ಲಿಲ್ಲ?"

ಅಮ್ಮ ಪ್ಯಾಂಟನ್ನು ಪಕ್ಕಕ್ಕಿಟ್ಟಳು. ಬಿಚ್ಚಿದ ದಾರದ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಕೂಡಿಸಿದಳು. ಬೀದಿಯಲ್ಲಿ ಯಾರೋ ಮಕ್ಕಳು 'ಕ್ಯಾಪ್ಟನ್, ಗಾಳಿ ಹೋಗ್ತಿದೆ! ಕ್ಯಾಪ್ಟನ್!' ಎಂದು ಕೂಗುತ್ತಾ ಓಡಿಹೋದರು.

ಗುಂಡುಸೂಜಿ ಸ್ಟೂಲುಗಳ ಕಡೆ ನೋಡಿದಳು. ಕಂಬಳಿ ಒಂದು ಮೂಲೆಯಲ್ಲಿ ಸರಿದಿತ್ತು. ಮಗುಚಿ ಹಾಕಿದ ತಗಡಿನ ಅಂಚಿನಲ್ಲಿ ಒಂದು ಗೆರೆಯಷ್ಟು ಹಳದಿ ಬಣ್ಣ ಕಾಣುತ್ತಿತ್ತು. ಯಂತ್ರದ ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಗುಂಡಿ, ಹುಕ್ಕು, ದಾರದ ಉಂಡೆಗಳ ನಡುವೆ ನಾಲ್ಕು ಉದ್ದನೆಯ ಹೊಸ ಮೊಳೆಗಳಿದ್ದವು. ಕಾಗದ ಕೂಡ ಬಿಚ್ಚಿರಲಿಲ್ಲ, ಮೊನೆಗಳಷ್ಟೇ ಹೊರಗೆ ಚುಚ್ಚಿಕೊಂಡಿದ್ದವು.

ಅವಳು ಹೋಗಿ ಕಂಬಳಿಯನ್ನು ಸರಿಮಾಡಿ, ಆ ಹಳದಿ ಗೆರೆಯನ್ನು ಮುಚ್ಚಿದಳು.

"ಕಣ್ಣು ಹಿಡೀತಿಲ್ಲ," ಎಂದು ಅಮ್ಮ ಸೂಜಿ, ದಾರ ಚಾಚಿದಳು. "ಸ್ವಲ್ಪ ಪೋಣಿಸಿಕೊಡು."

ಅವಳು ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು, ದಾರದ ತುದಿಯನ್ನು ತುಟಿಗೆ ಒತ್ತಿ ತೇವ ಮಾಡಿಕೊಂಡಳು. ಸೂಜಿಯ ಕಣ್ಣು ಮಂಜಾಗಿ ಕಾಣುತ್ತಿತ್ತು. ದಾರ ಅದರ ಪಕ್ಕದಲ್ಲೇ ಜಾರಿ ಜಾರಿ ಹೋಗುತ್ತಿತ್ತು.

ಅಮ್ಮ ಅವಸರ ಮಾಡಲಿಲ್ಲ. ದೀಪವನ್ನೂ ಹಾಕಲಿಲ್ಲ.